ಉಳ್ಳಾಲದ ರಾಣಿಯೂ ರೋಮಾಪುರದ ಯಾತ್ರಿಕನೂ: ಒಂದು ಸಾಕ್ಷ್ಯದ ವಿಮರ್ಶೆ

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಚೌಟ ವಂಶದ ಜೈನ ರಾಣಿ ಅಬ್ಬಕ್ಕನನ್ನು ಯಕ್ಷಗಾನವೂ ನಾಟಕವೂ ಉಳ್ಳಾಲದ ಉತ್ಸವವೂ ಜನಮನದಲ್ಲಿ ಉಳಿಸಿವೆ. 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗೊಂದಕ್ಕೆ ಆಕೆಯ ಹೆಸರಿಡಲಾಯಿತು. ಕ್ರೈಸ್ತರಾದ ನಾವು ಈ ಜೀವನಕಥೆಯನ್ನು ಹೇಗೆ ಓದಬೇಕು? ಆಕೆಯ ಶತ್ರುಗಳ ಕೊರಳಲ್ಲಿ ಶಿಲುಬೆ ಇದ್ದುದರಿಂದ ಈ ಪ್ರಶ್ನೆಯನ್ನು ನಾವು ತಪ್ಪಿಸಿಕೊಳ್ಳಲಾಗದು.

ಈ ಮನೆತನದ ರಾಣಿಯೊಬ್ಬಳನ್ನು ಕಣ್ಣಾರೆ ಕಂಡು ಬರೆದವನು ರೋಮಿನ ಕುಲೀನನೂ ಕಥೋಲಿಕ ಯಾತ್ರಿಕನೂ ಆದ ಪಿಯೆತ್ರೊ ದೆಲ್ಲಾ ವಾಲ್ಲೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದ ಅವನು, ಬಳಿಕ ಮಣೇಲ್‌ನಲ್ಲಿ ಆಕೆಯನ್ನು ಭೇಟಿಯಾದನು. ಆಕೆಯ ಹೆಸರನ್ನು ‘ಅಬಗ್ ದೇವಿ ಚೌತ್ರು’ ಎಂದು ಬರೆದುಕೊಂಡನು. ಆಕೆ ನಲ್ವತ್ತರ ಪ್ರಾಯದವಳಂತೆ ಕಂಡಳೆನ್ನುತ್ತಾನೆ. ಹಾಗಿದ್ದರೆ ವೈಸರಾಯ್ ಆಂತಾವ್ ದೆ ನೊರೊನ್ಯಾನ ಕಾಲದಲ್ಲಿ, 1568ರ ಸುಮಾರಿಗೆ, ಹೋರಾಡಿದ ರಾಣಿ ಈಕೆಯೇ ಆಗಿರಲಾರಳು. ಜನಪ್ರಿಯ ಕಥನಗಳು ಒಂದಕ್ಕಿಂತ ಹೆಚ್ಚು ಬದುಕುಗಳನ್ನು ಒಂದೇ ಹೆಸರಿನಲ್ಲಿ ಹೆಣೆದಿವೆಯೆಂಬುದನ್ನು ವಿಮರ್ಶೆ ಮೊದಲು ಗುರುತಿಸಬೇಕು.

ಯಾತ್ರಿಕನ ನೋಟವನ್ನೂ ಪರೀಕ್ಷಿಸೋಣ. ತೋಡುತ್ತಿದ್ದ ಕಾಲುವೆಗಳನ್ನು ನೋಡಲು ರಾಣಿ ಬರಿಗಾಲಿನಲ್ಲಿ ಹೊರಟಿದ್ದಳು. ಆಕೆಯ ಮೈಬಣ್ಣವನ್ನೂ ಉಡುಗೆಯನ್ನೂ ಕಂಡು ಅವನು ಆಕೆಯನ್ನು ಅಡುಗೆಯ ಆಳಿಗೆ ಹೋಲಿಸುತ್ತಾನೆ. ಆಗ ಪೋರ್ಚುಗಲ್ಲನ್ನೂ ಆಳುತ್ತಿದ್ದ ಸ್ಪೇನಿನ ಅರಸನ ಸೈನ್ಯ ಸೋತದ್ದು ಇಂಥವಳಿಗೆಯೇ ಎಂದು ಬೆರಗಾಗುತ್ತಾನೆ. ಆದರೆ ಆಕೆ ಮಾತನಾಡತೊಡಗಿದಾಗ, ಆ ಮಾತಿನಲ್ಲಿ ವಿವೇಕವೂ ಘನತೆಯೂ ಇದ್ದವೆಂದು ಒಪ್ಪಿಕೊಳ್ಳುತ್ತಾನೆ. ಕಣ್ಣು ತಿರಸ್ಕರಿಸಿದುದನ್ನು ಕಿವಿ ಗೌರವಿಸಿತು. ಈ ಪ್ರಾಮಾಣಿಕತೆಯೇ ಆ ಬರಹದ ಬೆಲೆ. ಅದೇ ಬರಹದಲ್ಲಿ, ರಾಣಿ ತನ್ನ ಮಗನಿಗೆ ವಿಷವಿಕ್ಕಿಸಿದಳೆಂಬ ಲೋಕವಾರ್ತೆಯೂ ಸೇರಿಕೊಂಡಿದೆ. ಕಂಡದ್ದಕ್ಕೂ ಕೇಳಿದ್ದಕ್ಕೂ ಒಂದೇ ತೂಕವಿಲ್ಲ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಚರಿತ್ರೆಯ ಓದಿಗೂ ಅನ್ವಯಿಸುತ್ತದೆ; ಸತ್ತವರೂ, ಅನ್ಯಮತದವರೂ, ವೈರಿಗಳೂ ನಮಗೆ ನೆರೆಯವರೇ.

ಇಲ್ಲಿ ಎರಡು ಸುಲಭದ ದಾರಿಗಳನ್ನು ನಾವು ಬಿಡಬೇಕು. ‘ಅದು ಪೋರ್ಚುಗೀಸರ ಕೃತ್ಯ; ನಮ್ಮ ಸಭೆಯ ಮೂಲ 1834ರಲ್ಲಿ ಬಂದ ಬಾಸೆಲ್ ಮಿಷನ್’ ಎಂದು ಕೈತೊಳೆದುಕೊಳ್ಳುವುದು ಮೊದಲನೆಯದು. ರಾಣಿಯನ್ನು ನಿರ್ದೋಷಿ ದೇವತೆಯಾಗಿಸಿ, ಇಂದಿನ ಕ್ರೈಸ್ತರನ್ನು ಆ ನೌಕಾಪಡೆಯ ವಾರಸುದಾರರೆಂದು ಕಾಣುವುದು ಎರಡನೆಯದು. ಮಂಗಳೂರಿನಲ್ಲಿ ಪೋರ್ಚುಗೀಸ್ ಕೋಟೆ ಎದ್ದ 1568ಕ್ಕೇ ರೊಸಾರಿಯೊ ದೇವಾಲಯದ ಆರಂಭವನ್ನೂ ಗುರುತಿಸಲಾಗುತ್ತದೆ. ಅರಸನಿಗೇ ಧರ್ಮಸಭೆಯ ಪೋಷಣೆಯ ಹಕ್ಕನ್ನು ಒಪ್ಪಿಸಿದ್ದ ಪದ್ರುವಾದೊ ವ್ಯವಸ್ಥೆಯಲ್ಲಿ ಫಿರಂಗಿಯೂ ಬಲಿಪೀಠವೂ ಒಂದೇ ಹಡಗಿನಲ್ಲಿ ಬಂದವು. ಹಾಗೆಂದು ಆ ಬಲಿಪೀಠದ ಮುಂದೆ ತಲೆಮಾರುಗಳಿಂದ ಮೊಣಕಾಲೂರಿದ ತುಳುನಾಡಿನ ಭಕ್ತರ ವಿಶ್ವಾಸ ಫಿರಂಗಿಯ ಕೂಸಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಸಭೆ ಮಾತ್ರ ಸತ್ಯವನ್ನು ಹೇಳುತ್ತದೆ.

ಬೋಧಕರಾಗಲಿರುವವರಿಗೆ ಇದು ಕೇವಲ ಪಾಂಡಿತ್ಯದ ವಿಷಯವಲ್ಲ. ಅಬ್ಬಕ್ಕನ ಉತ್ಸವದ ದಿನ ನೆರೆಯವನು ನಮ್ಮನ್ನು ಪ್ರಶ್ನಿಸಿದರೆ, ಸಮರ್ಥನೆಯಾಗಲಿ ಮೌನವಾಗಲಿ ಸುವಾರ್ತೆಯ ಉತ್ತರವಾಗದು. ವಿರೋಧಿಯ ಬಾಯಲ್ಲೂ ಘನತೆಯನ್ನು ಗುರುತಿಸುವುದಕ್ಕೆ ಆ ಯಾತ್ರಿಕನಿಗೆ ಸಾಧ್ಯವಾಯಿತು. ಶತ್ರುವನ್ನು ಪ್ರೀತಿಸಲು ಕಲಿಸಿದ ಕರ್ತನ ಶಿಷ್ಯರಿಗೆ ಅಷ್ಟಾದರೂ ಸಾಧ್ಯವಾಗಬೇಡವೇ?