ಮತದ ಮೌಲ್ಯ ಮತ್ತು ಮತದ ಬೆಲೆ: ಮಲೆನಾಡಿನ ರಾಜಕೀಯ ಕಥನದಲ್ಲಿ ಮತದಾರನ ಸ್ಥಾನ

ಚುನಾವಣೆ ಹತ್ತಿರವಾದಾಗ ಕನ್ನಡದ ಸಾರ್ವಜನಿಕ ಚರ್ಚೆಯಲ್ಲಿ ಕಾಣಿಸಿಕೊಳ್ಳುವ 'ಗೆಲ್ಲುವ ಕುದುರೆ' ಎಂಬ ನುಡಿಗಟ್ಟು ಮೇಲುನೋಟಕ್ಕೆ ನಿರುಪದ್ರವಿ. ಆದರೆ ಅದರೊಳಗೆ ಒಂದು ರಾಜಕೀಯ ತತ್ತ್ವವೇ ಅಡಗಿದೆ. ಅಭ್ಯರ್ಥಿಯ ವಿಚಾರ, ನಡತೆ, ಹೋರಾಟದ ಹಿನ್ನೆಲೆ ಇವುಗಳಿಗಿಂತ ಮೊದಲು ಆತ ಗೆಲ್ಲಬಲ್ಲನೇ ಎಂದು ಕೇಳಬೇಕು; ಗೆಲ್ಲಲಾರದವನಿಗೆ ಹಾಕಿದ ಓಟು ದಂಡ ಎಂಬುದು ಆ ತತ್ತ್ವ. ಗೆಲ್ಲುವ ಸಾಮರ್ಥ್ಯವಾದರೂ ಎಲ್ಲಿಂದ ಒದಗುತ್ತದೆ ಎಂಬ ಪ್ರಶ್ನೆಯನ್ನು ಅದು ಕೇಳಗೊಡುವುದಿಲ್ಲ. ಜಾತಿಯ ಲೆಕ್ಕ, ಪಕ್ಷದ ಸಂಘಟನೆ, ವ್ಯಕ್ತಿಯ ವರ್ಚಸ್ಸು ಇವೆಲ್ಲವೂ ಸೇರಿ ಗೆಲುವಾಗುತ್ತದೆ ಎಂಬುದು ನಿಜ. ಆದರೆ ಕುದುರೆಯ ಮೇಲೆ ಹಣ ಕಟ್ಟುವವರು ಬೇರೆಯೇ ಇರುತ್ತಾರೆ. ಗೆದ್ದ ಮೇಲೆ ಅದು ಯಾರ ಲಾಯಕ್ಕೆ ಮರಳುತ್ತದೆ ಎಂಬುದೂ ಅಷ್ಟರಲ್ಲಿಯೇ ತೀರ್ಮಾನವಾಗಿರುತ್ತದೆ.

ಆಧುನಿಕ ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಬದುಕಿ ತೋರಿಸಿದ ರಾಜಕಾರಣ ಮತ್ತು ಬರೆದು ತೋರಿಸಿದ ಸಾಹಿತ್ಯ ಎರಡೂ ಮಲೆನಾಡಿನಿಂದ ಬಂದಿವೆ. ಇವೆರಡರ ನಡುವೆ ಇರುವ ಅಂತರವನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ತೀರ್ಥಹಳ್ಳಿ ಸೀಮೆಯ ಆರಗದಲ್ಲಿ 1923ರಲ್ಲಿ ಜನಿಸಿದ ಶಾಂತವೇರಿ ಗೋಪಾಲಗೌಡರು 1951ರ ಕಾಗೋಡು ಸತ್ಯಾಗ್ರಹದ ಮೂಲಕ ರಾಜ್ಯಕ್ಕೆ ಪರಿಚಿತರಾದರು. ಗೇಣಿ ಅಳೆಯುವ ಕೊಳಗದ ಗಾತ್ರದ ಸುತ್ತ ಹುಟ್ಟಿದ ತಕರಾರು ಉಳುವವನಿಗೇ ಭೂಮಿ ಎಂಬ ಬೇಡಿಕೆಯಾಗಿ ಬೆಳೆಯಿತು. ಮರುವರ್ಷವೇ ನಡೆದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ಸಮಾಜವಾದಿ ಪಕ್ಷದಿಂದ ಸಾಗರ-ಹೊಸನಗರ ಕ್ಷೇತ್ರದಲ್ಲಿ ಆಯ್ಕೆಯಾದರು, 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಅವರ ಚುನಾವಣೆಗಳ ನೆನಪಿನೊಂದಿಗೆ ಬೆಸೆದುಕೊಂಡಿರುವ 'ಒಂದು ಓಟು, ಒಂದು ನೋಟು' ಎಂಬ ಕರೆಯನ್ನು ಭಾವುಕ ಪ್ರಸಂಗವೆಂದಷ್ಟೇ ಓದಲಾಗಿದೆ. ವಾಸ್ತವದಲ್ಲಿ ಅದು ಚುನಾವಣಾ ಹಣಕಾಸಿನ ಒಂದು ಸಿದ್ಧಾಂತ. ಕೊಡುವವನೇ ಮತದಾರನಾದಾಗ ಪ್ರತಿನಿಧಿಯ ಋಣ ಮತದಾರನ ಕಡೆಗೇ ಉಳಿಯುತ್ತದೆ. ಹಣ ಪಡೆದು ಓಟು ಹಾಕುವವನ ಸಂಬಂಧ ಮತಗಟ್ಟೆಯಲ್ಲಿ ಮುಗಿಯುತ್ತದೆ. ಹಣ ಕೊಟ್ಟು ಓಟು ಹಾಕಿದವನ ಸಂಬಂಧ ಅಲ್ಲಿಂದ ಆರಂಭವಾಗುತ್ತದೆ. ಆದರ್ಶವಾದಿ ಅಭ್ಯರ್ಥಿ, ಗೆಲ್ಲುವ ಅಭ್ಯರ್ಥಿ ಎಂಬ ವಿಭಜನೆಯನ್ನೇ ಈ ಪದ್ಧತಿ ಅಳಿಸಿಹಾಕಿತು. ಮೂರು ಬಾರಿ ಗೆದ್ದವರನ್ನು ಗೆಲ್ಲಲಾರದ ಆದರ್ಶವಾದಿಯೆಂದು ಕರೆಯುವಂತಿಲ್ಲ.

ಇಲ್ಲಿ ಒಂದು ಪ್ರತಿವಾದವನ್ನು ಗಂಭೀರವಾಗಿ ಪರಿಗಣಿಸಬೇಕು. ಕಾಗೋಡಿನ ಬೇಡಿಕೆಯನ್ನು ಕಾನೂನಾಗಿ ಜಾರಿಗೆ ತಂದವರು ಗೋಪಾಲಗೌಡರಲ್ಲ. ಅವರು 1972ರ ಜೂನ್‌ನಲ್ಲಿಯೇ ತೀರಿಕೊಂಡಿದ್ದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆ ದೇವರಾಜ ಅರಸರ ಸರ್ಕಾರದ್ದು. ಅರಸರು ಅಧಿಕಾರ ರಾಜಕಾರಣದ ಪಟ್ಟುಗಳನ್ನೆಲ್ಲ ಬಲ್ಲವರು. ಅವರ ಆಡಳಿತದ ಮೇಲಿನ ಆರೋಪಗಳ ವಿಚಾರಣೆಗೆ ಗ್ರೋವರ್ ಆಯೋಗವೇ ನೇಮಕವಾಗಿತ್ತು. ಹಾಗಿದ್ದರೆ ಗೇಣಿದಾರನಿಗೆ ನಿಜವಾಗಿ ನೆರವಾದದ್ದು ಆದರ್ಶವೋ, ಗೆಲ್ಲುವ ಜಾಣ್ಮೆಯೋ? ಈ ಪ್ರಶ್ನೆಗೆ ಸರಳ ಉತ್ತರವಿಲ್ಲ. ಸೋತರೂ ಗೆದ್ದರೂ ಎರಡು ದಶಕಗಳ ಕಾಲ ಒಂದೇ ಮಾತನ್ನು ಆಡಿದವರು ಇಲ್ಲದಿದ್ದರೆ ಅರಸರ ಮುಂದೆ ಆ ಬೇಡಿಕೆ ಅಷ್ಟು ಬಲವಾಗಿ ಬರುತ್ತಿರಲಿಲ್ಲ. ಅರಸರಂಥವರು ಇಲ್ಲದಿದ್ದರೆ ಅದು ಶಾಸನವಾಗುವುದು ಮತ್ತಷ್ಟು ತಡವಾಗುತ್ತಿತ್ತು ಎನ್ನಬಹುದು. ಆದರೆ ಮುಂದಿನ ಕಥೆಯೂ ಇದೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆದಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಒಂದು ಪ್ರಶ್ನೆಯನ್ನು ಎತ್ತಿ ಹಿಡಿದವರು ಸದನದಿಂದ ಮರೆಯಾದ ಮೇಲೆ ಅದಕ್ಕೆ ದೊರೆತ ಉತ್ತರವೂ ಭದ್ರವಲ್ಲ.

ಗೋಪಾಲಗೌಡರ ಬದುಕಿನ ನೆರಳು ಯು.ಆರ್. ಅನಂತಮೂರ್ತಿಯವರ 'ಅವಸ್ಥೆ' (1978) ಕಾದಂಬರಿಯ ಮೇಲಿರುವುದು ಹಲವು ಬಾರಿ ಚರ್ಚಿತವಾಗಿದೆ. ರೈತ ಹೋರಾಟದಿಂದ ಬೆಳೆದು ಬಂದ ಕೃಷ್ಣಪ್ಪ ಗೌಡ ಪಾರ್ಶ್ವವಾಯುವಿನಿಂದ ನಿಶ್ಚಲನಾಗಿರುವ ಹೊತ್ತಿಗೇ ಅಧಿಕಾರದ ಬಾಗಿಲು ಅವನ ಮುಂದೆ ತೆರೆದುಕೊಳ್ಳುತ್ತದೆ. ಗುತ್ತಿಗೆದಾರ ವೀರಣ್ಣನ ಔದಾರ್ಯವನ್ನು ಅವನು ಒಪ್ಪಲೂ ಆರ, ತಳ್ಳಲೂ ಆರ. ಹಣ ಇಲ್ಲಿ ಲಂಚದ ರೂಪದಲ್ಲಿ ಬರುವುದಿಲ್ಲ. ಆರೈಕೆಯ, ಅಭಿಮಾನದ, ಸೌಜನ್ಯದ ರೂಪದಲ್ಲಿ ಬರುತ್ತದೆ. ಬಂಡವಾಳ ರಾಜಕಾರಣಿಯನ್ನು ಕೊಳ್ಳುವುದಕ್ಕಿಂತ ಮೊದಲು ಅವನನ್ನು ಸಾಕುತ್ತದೆ ಎಂಬ ಈ ಒಳನೋಟ ಕನ್ನಡ ರಾಜಕೀಯ ಕಾದಂಬರಿಯ ದೊಡ್ಡ ಗಳಿಕೆ.

ಆದರೆ ಕಾದಂಬರಿಯ ಮಿತಿಯೂ ಇಲ್ಲಿಯೇ ಇದೆ. ನಿರ್ಣಯದ ಭಾರವೆಲ್ಲ ನಾಯಕನ ಅಂತರಂಗದ ಮೇಲೆ ಬೀಳುವುದರಿಂದ ಹಣದ ಪ್ರಶ್ನೆ ಒಬ್ಬನ ಪಾವಿತ್ರ್ಯದ ಪ್ರಶ್ನೆಯಾಗಿ ಮಾರ್ಪಡುತ್ತದೆ. ಕೃಷ್ಣಪ್ಪ ಕೆಡುವನೇ, ಉಳಿಯುವನೇ ಎಂಬ ಕುತೂಹಲದಲ್ಲಿ ಅವನನ್ನು ಆರಿಸಿ ಕಳಿಸಿದವರು ಹಿನ್ನೆಲೆಗೆ ಸರಿಯುತ್ತಾರೆ. ಅವನನ್ನು ರೂಪಿಸಿದ ರೈತರು ಸ್ಮೃತಿಯಾಗಿ ಉಳಿಯುತ್ತಾರೆಯೇ ಹೊರತು ಲೆಕ್ಕ ಕೇಳುವವರಾಗಿ ಎದುರು ನಿಲ್ಲುವುದಿಲ್ಲ. ನಿಜಜೀವನದ 'ನೋಟು ಕೊಟ್ಟ ಮತದಾರ' ಕಾದಂಬರಿಯೊಳಕ್ಕೆ ಬರುವಷ್ಟರಲ್ಲಿ ಕಳೆದುಹೋಗಿದ್ದಾನೆ.

'ಅವಸ್ಥೆ' ಪ್ರಕಟವಾದ 1978ರಲ್ಲಿಯೇ ಕಾಫಿ ಸೀಮೆ ದೇಶದ ಗಮನ ಸೆಳೆಯಿತು. ಡಿ.ಬಿ. ಚಂದ್ರೇಗೌಡರು ತೆರವುಗೊಳಿಸಿದ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆಯಲ್ಲಿ ಇಂದಿರಾಗಾಂಧಿಯವರು ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಎಪ್ಪತ್ತೇಳು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಚುನಾವಣಾ ಹಣಕಾಸಿನ ಚರಿತ್ರೆಯಲ್ಲಿ ಈ ಅಭ್ಯರ್ಥಿಯ ಆಡಳಿತಕ್ಕೆ ವಿಶೇಷ ಸ್ಥಾನವಿದೆ. ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನು 1969ರಲ್ಲಿ ನಿಷೇಧಿಸಿದ್ದು ಅವರ ಸರ್ಕಾರ. ಪಕ್ಷ ಮಾಡಿದ ವೆಚ್ಚವನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ಹೇಳಿದಾಗ, ಕಾಯಿದೆಯನ್ನೇ ತಿದ್ದಿ ಆ ವೆಚ್ಚವನ್ನು ಲೆಕ್ಕದಿಂದ ಹೊರಗಿಟ್ಟದ್ದೂ ಅವರ ಸರ್ಕಾರವೇ. ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದಂತಾಯಿತು. ಹಣ ನಿಲ್ಲಲಿಲ್ಲ, ಕಣ್ಣಿಗೆ ಕಾಣದಾಯಿತು. ಕಂಪನಿ ದೇಣಿಗೆಗೆ 1985ರಲ್ಲಿ ಮತ್ತೆ ಅನುಮತಿ ದೊರೆಯಿತು. 2017ರಲ್ಲಿ ಲಾಭದ ಶೇ. 7.5ರ ಮಿತಿಯನ್ನು ತೆಗೆಯಲಾಯಿತು; 2018ರಿಂದ ಕೊಟ್ಟವರ ಹೆಸರು ಮತದಾರನಿಗೆ ತಿಳಿಯದ ಚುನಾವಣಾ ಬಾಂಡುಗಳು ಮಾರಾಟವಾದವು. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯ ಈ ಯೋಜನೆಯನ್ನು ಅಸಾಂವಿಧಾನಿಕವೆಂದು ರದ್ದುಪಡಿಸುವ ವೇಳೆಗೆ ಹದಿನಾರು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಬಾಂಡುಗಳು ಮಾರಾಟವಾಗಿದ್ದವು. ತೀರ್ಪಿನ ತಿರುಳು ಮತದಾರನ ತಿಳಿಯುವ ಹಕ್ಕು ಎಂಬುದು ಗಮನಾರ್ಹ. ಕಥನ ಮರೆತ ಮತದಾರನನ್ನು ಇಲ್ಲಿ ನ್ಯಾಯಾಲಯ ನೆನಪಿಸಿಕೊಂಡಿದೆ.

ಕಾಫಿ ಸೀಮೆಯೊಳಗೇ ಬಾಳಿ ಬರೆದ ಪೂರ್ಣಚಂದ್ರ ತೇಜಸ್ವಿಯವರು ಹಣವನ್ನು ನಾಯಕನ ಅಂತರಂಗದಲ್ಲಿ ಹುಡುಕಲಿಲ್ಲ. ಊರಿನ ವಹಿವಾಟಿನಲ್ಲಿ ಹುಡುಕಿದರು. 'ಚಿದಂಬರ ರಹಸ್ಯ' (1985) ಮತ್ತು 'ಜುಗಾರಿ ಕ್ರಾಸ್' (1994) ಕಾದಂಬರಿಗಳಲ್ಲಿ ಏಲಕ್ಕಿ, ಮರಮಟ್ಟು, ಕಳ್ಳಸಾಗಣೆ, ಪೊಲೀಸು, ಪುಢಾರಿ ಎಲ್ಲವೂ ಒಂದೇ ಬಲೆಯ ಎಳೆಗಳು. ಕ್ರಾಂತಿಯ ಮಾತಾಡುವ ಕೆಸರೂರಿನ ಹುಡುಗರಿಗೆ ತಾವು ನಿಂತ ನೆಲದ ಈ ಹೆಣಿಗೆ ಅರ್ಥವಾಗಿಲ್ಲ ಎಂಬುದು ಆ ಕಾದಂಬರಿಯ ವ್ಯಂಗ್ಯ. ತೇಜಸ್ವಿಯವರ ಲೋಕದಲ್ಲಿ ಚುನಾವಣೆಗೆ ಹಣ ಹೊರಗಿನಿಂದ ಬರಬೇಕಾಗಿಲ್ಲ. ಅದು ದಿನನಿತ್ಯದ ಸಾಲ, ಮಂಡಿ, ಮುಂಗಡಗಳಲ್ಲಿಯೇ ಇದೆ. ಅನಂತಮೂರ್ತಿಯವರಲ್ಲಿ ನೈತಿಕತೆಯಿದೆ, ವಹಿವಾಟು ವಿರಳ. ತೇಜಸ್ವಿಯವರಲ್ಲಿ ವಹಿವಾಟು ದಟ್ಟವಾಗಿದೆ, ಆದರೆ ಅದನ್ನು ಮತದಿಂದ ಬದಲಿಸಬಹುದೆಂಬ ನಂಬಿಕೆ ಕ್ಷೀಣ.

ಈ ಎರಡು ದರ್ಶನಗಳನ್ನು ಸಂಸೆಯಂಥ ಊರಿನಲ್ಲಿ ನಿಂತು ಪರೀಕ್ಷಿಸುವುದು ಉಪಯುಕ್ತ. ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ, ಭದ್ರಾ ಕಣಿವೆಯ ತೋಟಗಳ ನಡುವೆ ಇರುವ ಊರು ಇದು. ಇದರ ನೆರೆಯಲ್ಲಿ 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಖಾಸಗಿಯದಲ್ಲ, ಕೇಂದ್ರ ಸರ್ಕಾರದ ಉದ್ಯಮ. ಆದ್ದರಿಂದ ಇಲ್ಲಿ ದೇಣಿಗೆಯ ಮಾತಿಲ್ಲ. ಆದರೂ ಬೃಹತ್ ಉದ್ಯಮದ ಪಕ್ಕದಲ್ಲಿ ಒಂದು ಓಟಿಗೆ ಎಷ್ಟು ತೂಕವಿದೆ ಎಂಬುದನ್ನು ಈ ಪ್ರದೇಶದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ನಿದರ್ಶನ ದುರ್ಲಭ. ಕೆಲಸ ಬೇಕೆನ್ನುವವರು, ನದಿಯೂ ಕಾಡೂ ಉಳಿಯಬೇಕೆನ್ನುವವರು, ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಒಕ್ಕಲೆಬ್ಬಿಸುವ ಭಯದಲ್ಲಿದ್ದವರು ಎಲ್ಲರೂ ಇದೇ ಮತಪಟ್ಟಿಯಲ್ಲಿದ್ದರು. ಗಣಿಗಾರಿಕೆ 2005ರ ಅಂತ್ಯಕ್ಕೆ ನಿಲ್ಲಬೇಕೆಂಬ ತೀರ್ಮಾನ ಮಾತ್ರ ಬಂದದ್ದು 2002ರಲ್ಲಿ, ಸರ್ವೋಚ್ಚ ನ್ಯಾಯಾಲಯದಿಂದ. ಉದ್ಯಾನದ ಭಯದಿಂದ ಹುಟ್ಟಿದ ಅಸಮಾಧಾನದ ನಡುವೆ ಕಾಡು ಸೇರಿದ ನಕ್ಸಲೀಯ ರಾಜಕಾರಣ ಮತಪೆಟ್ಟಿಗೆಯನ್ನೇ ನಿರಾಕರಿಸಿತು. ಇತಿಹಾಸ ಗ್ರಂಥವೊಂದರ ಕರ್ತೃವೂ ಆಗಿದ್ದ ಸಾಕೇತ್ ರಾಜನ್ 2005ರ ಫೆಬ್ರವರಿಯಲ್ಲಿ ಬಲಿಗೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಒಂದೇ ಬೆಟ್ಟಸಾಲಿನ ಪ್ರಶ್ನೆಗಳು ಒಂದೆಡೆ ದಿಲ್ಲಿಯ ನ್ಯಾಯಪೀಠಕ್ಕೆ, ಇನ್ನೊಂದೆಡೆ ಬಂದೂಕಿಗೆ ಹೋದವು. ನಡುವೆ ಇರಬೇಕಾಗಿದ್ದ ಮತಗಟ್ಟೆಯಲ್ಲಿ ಅವುಗಳಿಗೆ ಜಾಗ ಸಿಗಲಿಲ್ಲ.

ಜಾಗ ಏಕೆ ಸಿಗಲಿಲ್ಲ ಎಂಬುದಕ್ಕೆ ಉತ್ತರ ಕನ್ನಡದ ಉದಾಹರಣೆ ಒಂದಿದೆ. ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತಿದ್ದ ಶಿವರಾಮ ಕಾರಂತರು 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಅಲ್ಲಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಅವರ ಹಿರಿಮೆಯನ್ನು ಗೌರವಿಸುತ್ತಿದ್ದವರೂ ಅವರನ್ನು ಗೆಲ್ಲುವ ಅಭ್ಯರ್ಥಿಯೆಂದು ಎಣಿಸಿರಲಿಕ್ಕಿಲ್ಲ. 2000ದಲ್ಲಿ ಸ್ಥಾವರ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಗೆಲ್ಲಲಾರದವರೆಂದು ಬದಿಗೆ ಸರಿಸಿದಾಗ ವ್ಯಕ್ತಿ ಮಾತ್ರ ಸೋಲುವುದಿಲ್ಲ. ಅವರು ಹೊತ್ತು ತಂದ ಪ್ರಶ್ನೆಯೂ ಮತಪತ್ರದಿಂದ ಹೊರಬೀಳುತ್ತದೆ. ಗೆಲ್ಲುವವನಿಗೇ ಓಟು ಹಾಕಬೇಕೆಂಬ ವ್ಯವಹಾರಜ್ಞಾನದ ನಿಜವಾದ ಬೆಲೆ ಇದು.

ಹಾಗೆಂದು ಆ ವ್ಯವಹಾರಜ್ಞಾನವನ್ನು ಹೀಗಳೆಯುವುದು ತಪ್ಪಾದೀತು. ತೋಟದ ಲೈನ್ ಮನೆಯಲ್ಲಿ ವಾಸಿಸುವ ಕೂಲಿಕಾರನಿಗೆ, ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುವ ಸಣ್ಣ ಹಿಡುವಳಿದಾರನಿಗೆ ಸೋತ ಸಜ್ಜನನಿಗಿಂತ ಗೆದ್ದ ಪರಿಚಿತ ಹೆಚ್ಚು ಉಪಯೋಗಿ. ಸಂಸೆಯನ್ನು ಒಳಗೊಂಡ ಮೂಡಿಗೆರೆ ವಿಧಾನಸಭಾ ಕ್ಷೇತ್ರ ದಶಕಗಳಿಂದ ಪರಿಶಿಷ್ಟ ಜಾತಿಗೆ ಮೀಸಲು. ಭೂಮಿ ಒಂದು ಕೈಯಲ್ಲಿ, ಪ್ರಾತಿನಿಧ್ಯ ಇನ್ನೊಂದು ಕೈಯಲ್ಲಿ ಇರುವ ಕಡೆ ಅಭ್ಯರ್ಥಿಯ ವೆಚ್ಚ ಯಾರ ಕೈಯಿಂದ ಬರುತ್ತದೆ ಎಂಬ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಮೀಸಲಾತಿ ಸ್ಪರ್ಧಿಸುವ ಹಕ್ಕನ್ನು ಕೊಟ್ಟಿದೆ. ಸ್ಪರ್ಧೆಯ ಖರ್ಚನ್ನು ಕೊಟ್ಟಿಲ್ಲ. ದೊಡ್ಡ ರಾಜ್ಯಗಳ ವಿಧಾನಸಭಾ ಅಭ್ಯರ್ಥಿಗೆ 2022ರಲ್ಲಿ ನಿಗದಿಯಾದ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಆ ಕಾನೂನುಬದ್ಧ ಮೊತ್ತವೇ ಕೂಲಿಕಾರನ ಮಗಳೊಬ್ಬಳಿಗೆ ಕನಸಿನಾಚೆಯದು.

ಆದ್ದರಿಂದ ಆದರ್ಶಕ್ಕೆ ಓಟು ಹಾಕಬೇಕೋ ಗೆಲುವಿಗೆ ಹಾಕಬೇಕೋ ಎಂದು ಮತದಾರನನ್ನು ಮತಗಟ್ಟೆಯ ಬಾಗಿಲಲ್ಲಿ ಕೇಳುವುದು ತಡವಾಗಿ ಕೇಳಿದ ಪ್ರಶ್ನೆ. ಅಷ್ಟರೊಳಗೆ ಆಯ್ಕೆಯ ಬಹುಪಾಲು ಮುಗಿದಿರುತ್ತದೆ. ಗೋಪಾಲಗೌಡರ ಕಾಲದ ಬಡ ಗೇಣಿದಾರ ಅದನ್ನು ಮೊದಲೇ ಅರಿತಿದ್ದ. ತನ್ನ ಪಾಲಿನ ನೋಟನ್ನು ಮುಂದಾಗಿ ಕೊಟ್ಟು ತನ್ನ ಓಟನ್ನು ಉಳಿಸಿಕೊಂಡಿದ್ದ. ಮೇಲೆ ನೋಡಿದ ಮೂರು ಕಾದಂಬರಿಗಳೂ ಅವನ ಮನೆಯಂಗಳದ ಸಮೀಪಕ್ಕೆ ಹೋಗಿವೆ, ಒಳಗೆ ಹೊಕ್ಕಿಲ್ಲ. ಕೊಟ್ಟ ನೋಟಿನ ಲೆಕ್ಕವನ್ನು ಅವನು ಐದು ವರ್ಷ ಹೇಗೆ ಕೇಳಿದ, ಯಾವಾಗ ಕೇಳುವುದನ್ನು ಬಿಟ್ಟ, ಯಾವ ಚುನಾವಣೆಯಲ್ಲಿ ಮೊದಲ ಸಲ ಕೈಯೊಡ್ಡಿದ ಎಂಬುದು ಮಲೆನಾಡಿನ ರಾಜಕೀಯ ಕಥನ ಇನ್ನೂ ಬರೆಯಬೇಕಾಗಿರುವ ಅಧ್ಯಾಯ.