ಎಲ್ಲೆಯ ಕವಿತೆಯೂ ಪೋಲೀಸರ ಗುಂಡೂ

ಮಳೆ ಆಗುವುದು, ಬೆಳಗಾಗುವುದು, ಗ್ರಹಣವಾಗುವುದು — ಇವು ಕನ್ನಡದ ಸಹಜವಾದ ಮಾತುಗಳು. ಮಾಡುವವನು ಕಣ್ಣಿಗೆ ಬೀಳದ ಕಡೆ ನಮ್ಮ ಭಾಷೆಯು ‘ಆಗು’ ಎಂಬ ಧಾತುವನ್ನು ಬಳಸಿ, ನಿಸರ್ಗದ ವ್ಯಾಪಾರವನ್ನು ನಿಸರ್ಗಕ್ಕೇ ಬಿಟ್ಟುಬಿಡುತ್ತದೆ. ಇದರಲ್ಲಿ ಒಂದು ವಿನಯವೂ ಇದೆ. ಆದರೆ ಇದೇ ಸಾಲಿನಲ್ಲಿ, ಹಿಂದೂಸ್ತಾನಿ, ಮರಾಠಿಗಳ ಕಡೆಯಿಂದ ಬಂದ ಒಂದು ಶಬ್ದವೂ ಸದ್ದಿಲ್ಲದೆ ಬಂದು ಕುಳಿತಿರುವುದನ್ನು ವಾಚಕರು ಗಮನಿಸಿರಬಹುದು. ‘ಊರಿನಲ್ಲಿ ಗೋಲೀಬಾರು ಆಯಿತು, ಇಬ್ಬರು ತೀರಿಕೊಂಡರು.’ ಹೊಡೆದವರು ಯಾರು, ಹೊಡೆಯಿರೆಂದು ಅಪ್ಪಣೆ ಕೊಟ್ಟವರು ಯಾರು ಎಂಬ ಪ್ರಶ್ನೆಯು ಆ ವಾಕ್ಯದೊಳಗೆ ಹುಟ್ಟುವುದೇ ಇಲ್ಲ. ಆಕಾಶದಿಂದ ಗುಂಡು ಸುರಿಯಿತೆಂಬಂತೆ ನಾವು ಮುಂದಿನ ಸುದ್ದಿಗೆ ಹೋಗುತ್ತೇವೆ.

ಪತ್ರಿಕೆಗಳ ಭಾಷೆಯೇ ಹೀಗೆ, ಅದಕ್ಕೆ ಸಾಹಿತ್ಯವೇನು ಮಾಡೀತು ಎಂದು ಕೇಳಬಹುದು. ಕನ್ನಡಿಗನು ಬಾಯಿಬಿಟ್ಟು ಮಾತನಾಡುವಾಗ ಕರ್ಮಣಿ ಪ್ರಯೋಗವನ್ನು ಬಳಸುವುದು ಅತಿ ವಿರಳ; ‘ಗುಂಡು ಹಾರಿಸಲಾಯಿತು’ ಎಂದು ಯಾವ ಅಜ್ಜಿಯೂ ಮೊಮ್ಮಗನಿಗೆ ಹೇಳಲಾರಳು. ಅದು ಸರಕಾರಿ ಕಾಗದದ ಇಂಗ್ಲಿಷಿನಿಂದ ಇಳಿದುಬಂದ ಮಾತು. ಇಂಥ ಮಾತು ನಾಡಿನ ನೆನಪನ್ನು ಆಕ್ರಮಿಸುವಾಗ ಅದನ್ನು ತಡೆದು, ಕರ್ತೃವನ್ನು ಮತ್ತೆ ವಾಕ್ಯಕ್ಕೆ ಕರೆತರಬೇಕಾದುದು ಸಾಹಿತ್ಯದ ಕೆಲಸ. ರಾಜ್ಯಗಳ ಎಲ್ಲೆಗಳಿಗಾಗಿ ನಡೆದ ಹೋರಾಟಗಳ ವಿಷಯದಲ್ಲಿ ನಮ್ಮ ಸಾಹಿತ್ಯವು ಆ ಕೆಲಸವನ್ನು ಎಷ್ಟರಮಟ್ಟಿಗೆ ಮಾಡಿದೆ ಎಂಬುದೇ ಪ್ರಕೃತ ವಿಚಾರ.

ಬಂಟವಾಳದ ಕಡೆಯ ವಾಚಕರಿಗೆ ಇದು ದೂರದ ಮಾತಲ್ಲ. ವಿಟ್ಲದಿಂದ ದಕ್ಷಿಣಕ್ಕೆ ಕನ್ಯಾನ, ಕರೋಪಾಡಿಗಳನ್ನು ದಾಟಿದರೆ ಕೇರಳದ ನೆಲ. 1956ನೆಯ ಅಕ್ಟೋಬರ್ 31ರ ವರೆಗೆ ಬಂಟವಾಳವೂ ಕಾಸರಗೋಡೂ ಮದರಾಸು ರಾಜ್ಯದ ಒಂದೇ ಜಿಲ್ಲೆಯ ಊರುಗಳು. ಮರುದಿನ ಬೆಳಗ್ಗೆ ಒಂದು ಮೈಸೂರು ರಾಜ್ಯದ್ದು, ಇನ್ನೊಂದು ಕೇರಳದ್ದು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇವರ ಆಯೋಗವು 1955ನೆಯ ಸೆಪ್ಟೆಂಬರ್ 30ರಂದು ಒಪ್ಪಿಸಿದ ವರದಿಯಲ್ಲಿ ಕಾಸರಗೋಡು ತಾಲೂಕು ಕೇರಳಕ್ಕೆ ಸೇರತಕ್ಕುದೆಂದು ಸೂಚಿಸಿತ್ತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವಾದರೂ ಕನ್ನಡನಾಡಿಗೆ ಸಲ್ಲಬೇಕೆಂದು ಅಲ್ಲಿಯವರು ಹೂಡಿದ ಹೋರಾಟದಲ್ಲಿ ತರುಣರಿಬ್ಬರು ಪೋಲೀಸರ ಗುಂಡಿಗೆ ಬಲಿಯಾದರು. ಮಹಾಜನ ಆಯೋಗವು 1967ರಲ್ಲಿ ಆ ಬೇಡಿಕೆಯನ್ನು ಎತ್ತಿಹಿಡಿದರೂ ಎಲ್ಲೆಯು ಇದ್ದಲ್ಲಿಂದ ಕದಲಲಿಲ್ಲ.

ಆ ಹೋರಾಟದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು. ಅವರ ‘ಬೆಂಕಿ ಬಿದ್ದಿದೆ ಮನೆಗೆ’ ಎಂಬ ಹಾಡನ್ನು ಅರಿಯದವರು ನಮ್ಮ ಮೂರು ಊರುಗಳಲ್ಲಿಯೂ ಕಡಿಮೆ. ಅದು ಕೂಗಿ ಕರೆಯುವ ಹಾಡು. ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡ ಆ ಹಿರಿಯರು ಕೊನೆಯವರೆಗೂ ಅದೇ ಕೂಗನ್ನು ಬಿಡದೆ ನುಡಿದವರು. ಅದರ ಪ್ರಾಮಾಣಿಕತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಶೀರ್ಷಿಕೆಯನ್ನೇ ನೋಡಿರಿ: ಬೆಂಕಿಯು ‘ಬಿದ್ದಿದೆ’. ಮನೆ ಉರಿಯುತ್ತಿರುವಾಗ ಕಿಡಿಯಿಟ್ಟವನನ್ನು ವಿಚಾರಿಸಲು ಹೊತ್ತೆಲ್ಲಿ? ನೀರು ತರುವವರನ್ನು ಕರೆಯುವುದೇ ಮೊದಲ ಧರ್ಮ. ಆದುದರಿಂದ ಭಾವಗೀತೆಯಲ್ಲಿ ಇದನ್ನು ಕೊರತೆಯೆಂದು ಎಣಿಸುವುದು ಅನ್ಯಾಯ. ಕೊರತೆಯು ಆ ಮೇಲಿನದು. ಬೆಂಕಿ ಆರಿದ ಮೇಲೆ ಬೂದಿಯನ್ನು ಕೆದಕಿ ನೋಡಬೇಕಾದ ಗದ್ಯವು ಬರಲಿಲ್ಲ. ಕಾದಂಬರಿಯೂ ನಾಟಕವೂ ಹಾಡಿನ ರೂಪಕವನ್ನೇ ಎರವಲು ತಂದುಕೊಂಡು ತೃಪ್ತಿಪಟ್ಟುವು. ಏಕೀಕರಣದ ಬರವಣಿಗೆಯಲ್ಲಿ ತಾಯಿ ಇದ್ದಾಳೆ, ಮಕ್ಕಳಿದ್ದಾರೆ, ಹರಿದ ಸೆರಗಿದೆ. ಬಂದೂಕು ಹಿಡಿದವನು ಬರುವುದು ಬಲು ಅಪರೂಪ.

ಹಾಗೆಂದು ಕನ್ನಡಕ್ಕೆ ಈ ಶಕ್ತಿಯಿರಲಿಲ್ಲವೆನ್ನಲಾಗದು. ನಿರಂಜನರ ‘ಚಿರಸ್ಮರಣೆ’ ಪ್ರಕಟವಾದುದು 1955ರಲ್ಲಿ, ಎಂದರೆ ಆಯೋಗದ ವರದಿಯ ವರ್ಷದಲ್ಲಿಯೇ. ಅದರ ವಸ್ತುವು ಅದೇ ಕಾಸರಗೋಡು ತಾಲೂಕಿನ, ಚಂದ್ರಗಿರಿಯಿಂದಾಚೆಗಿನ ಕಯ್ಯೂರಿನದು. 1941ನೆಯ ಮಾರ್ಚಿಯಲ್ಲಿ ರೈತರ ಮೆರವಣಿಗೆಗೆ ಸಿಕ್ಕಿದ ಪೋಲೀಸನೊಬ್ಬನು ಹೊಳೆಯಲ್ಲಿ ಮುಳುಗಿ ಸತ್ತನು. ಅದಕ್ಕಾಗಿ ನಾಲ್ವರನ್ನು 1943ನೆಯ ಮಾರ್ಚ್ 29ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಅದು ಎಲ್ಲೆಯ ಜಗಳವಲ್ಲ, ಉಳುವವರ ಜಗಳ. ಆದರೆ ಆ ಕೃತಿಯಲ್ಲಿ ಯಾರು ಯಾರ ಮೇಲೆ ಕೈಯೆತ್ತಿದರು, ಯಾರ ಹಿತಕ್ಕಾಗಿ ಎತ್ತಿದರು ಎಂಬುದು ಕತೆಯ ಹಂದರವೇ ಆಗಿದೆ. ಅಲ್ಲಿ ಯಾವುದೂ ತಾನಾಗಿ ‘ಆಗು’ವುದಿಲ್ಲ. ಇನ್ನೂ ಒಂದು ಮಾತು: ಮಲೆಯಾಳ ನುಡಿಯುವ ರೈತರ ಬಾಳನ್ನು ನಮ್ಮ ಜಿಲ್ಲೆಯ ಕುಳಕುಂದದ ಕನ್ನಡಿಗನೊಬ್ಬನು ತನ್ನವರದೆಂದೇ ಬಗೆದು ಬರೆದನು. ಮರುವರ್ಷ ಹೊಳೆಯ ಈಚೆ ಆಚೆಗಳ ವಾದವೆದ್ದಾಗ ಆ ಹಾದಿಯನ್ನು ಹಿಡಿದವರು ಕಾಣರು.

ಇದಕ್ಕೆ ಕಾರಣವನ್ನು ನಮ್ಮ ಕಲ್ಪನೆಯ ಅಭ್ಯಾಸದಲ್ಲಿಯೂ ಹುಡುಕಬಹುದೆಂದು ತೋರುತ್ತದೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರಿಗೆ ಅರಸನ ಬಲವು ಎರಡೇ ವೇಷಗಳಲ್ಲಿ ಪರಿಚಿತ. ಒಂದು, ಹಾಸ್ಯಗಾರನು ಕಟ್ಟುವ ದೂತ. ಇನ್ನೊಂದು, ಸೂಟೆಯ ಬೆಳಕಿನಲ್ಲಿ ಅಬ್ಬರಿಸಿ ಬರುವ ಬಣ್ಣದ ವೇಷ. ನಗುವುದಕ್ಕೆ ಒಬ್ಬ, ಹೆದರುವುದಕ್ಕೆ ಒಬ್ಬ. ಇವರಿಬ್ಬರ ನಡುವೆ, ತಿಂಗಳ ಸಂಬಳಕ್ಕೆ ದುಡಿಯುವ, ಅಪ್ಪಣೆಗೆ ಕಾಯುವ, ಎದುರಿನ ಗುಂಪಿನಲ್ಲಿ ತನ್ನ ನೆರೆಮನೆಯ ಹುಡುಗನನ್ನು ಕಾಣಬಹುದಾದ ಮನುಷ್ಯನಿಗೆ ರಂಗಸ್ಥಳದಲ್ಲಿ ಎಡೆಯಿಲ್ಲ. ಕವಿಗಳು ಅವನನ್ನು ರಕ್ಕಸನೆಂದರು, ಇಲ್ಲವೇ ಬಿಟ್ಟುಬಿಟ್ಟರು.

ಕಾನೂನಾದರೋ ಅವನನ್ನು ಬಿಟ್ಟಿಲ್ಲ. 1898ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಗುಂಪನ್ನು ಚದುರಿಸುವ ಪ್ರಕರಣವನ್ನು ಓದಿ ನೋಡಬಹುದು: ಮ್ಯಾಜಿಸ್ಟ್ರೇಟನೋ ಠಾಣೆಯ ಅಧಿಕಾರಿಯೋ ಮೊದಲು ಚದುರಿರೆಂದು ಆಜ್ಞಾಪಿಸಬೇಕು, ಚದುರದಿದ್ದರೆ ಬಲವನ್ನು ಪ್ರಯೋಗಿಸಬಹುದು, ಹಾಗೆ ಮಾಡಿದವನ ಮೇಲೆ ಸರಕಾರದ ಅನುಮತಿಯಿಲ್ಲದೆ ಮೊಕದ್ದಮೆ ಹೂಡಲಾಗದು. 1973ರ ಸಂಹಿತೆಯೂ, 2024ನೆಯ ಜುಲೈಯಿಂದ ಜಾರಿಗೆ ಬಂದಿರುವ ಹೊಸ ಸಂಹಿತೆಯೂ ಈ ಕಟ್ಟನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿವೆ. ಆಜ್ಞೆಯಿತ್ತವನು, ಪ್ರಯೋಗಿಸಿದವನು, ಅನುಮತಿಯನ್ನು ಕೊಡುವ ಅಥವಾ ಕೊಡದಿರುವ ಸರಕಾರ — ಮೂವರು ಕರ್ತೃಗಳು ಸ್ಪಷ್ಟವಾಗಿ ನಿಂತಿದ್ದಾರೆ. ಕಾನೂನಿನ ವಾಕ್ಯದಲ್ಲಿರುವ ಕರ್ತೃವು ಕಾವ್ಯದ ವಾಕ್ಯದಲ್ಲಿ ಮಾಯವಾಗುವುದು ವಿಚಿತ್ರವಲ್ಲವೆ?

ಪ್ರಾಚೀನರು ಇಲ್ಲಿ ನಮಗಿಂತ ಧೀರರು. ನೆಲಕ್ಕಾಗಿ ಹುಟ್ಟಿದ ಜಗಳದಲ್ಲಿ ಪ್ರಜೆಗಳ ನೆತ್ತರು ಹರಿಯತಕ್ಕುದೇ ಎಂಬ ಪ್ರಶ್ನೆಯನ್ನು ಪಂಪನು 941ರಲ್ಲಿಯೇ ‘ಆದಿಪುರಾಣ’ದಲ್ಲಿ ಎತ್ತಿದ್ದಾನೆ. ಸೇನೆಗಳೆರಡೂ ಸಾಯುವುದು ಬೇಡ, ಅಣ್ಣತಮ್ಮಂದಿರೇ ಸೆಣಸಲಿ ಎಂದು ಮಂತ್ರಿಗಳು ನಿಯಮವನ್ನು ಕಟ್ಟುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಭರತನು ಸೋಲುತ್ತಾನೆ. ಸೋತವನು ನಿಯಮವನ್ನು ಮೀರಿ ತಮ್ಮನ ಮೇಲೆ ಚಕ್ರವನ್ನು ಬಿಡುತ್ತಾನೆ. ಭರತನೆಂದರೆ ಆ ಮತದ ಮೊದಲ ಚಕ್ರವರ್ತಿ, ಆದಿದೇವನ ಹಿರಿಯ ಮಗ. ಆದರೂ ಪಂಪನು ‘ಚಕ್ರಪ್ರಯೋಗವಾಯಿತು’ ಎಂದು ಜಾರಿಕೊಳ್ಳಲಿಲ್ಲ; ಬಿಟ್ಟವನು ಭರತನೇ ಎಂದು ಹೇಳಿದನು. ನಮ್ಮ ಮೂಡಬಿದಿರೆಯ ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ಇದೇ ಕತೆಯನ್ನು ಮತ್ತೆ ಹೇಳುವಾಗ ಭರತನನ್ನು ಬಹಳ ಮೃದುಗೊಳಿಸಿದನು. ಸೆಣಸಾಟವನ್ನು ಸವಿಮಾತಿನಲ್ಲಿಯೇ ತೀರಿಸಿದನು. ‘ಭರತೇಶ ವೈಭವ’ದ ಮಾಧುರ್ಯಕ್ಕೆ ನಾನೂ ಮಾರುಹೋದವನೇ. ಆದರೂ, ಮೂಡಬಿದಿರೆಯ ಮಿತ್ರರು ಕ್ಷಮಿಸಬೇಕು, ಈ ಒಂದು ಸ್ಥಳದಲ್ಲಿ ಪಂಪನೇ ಹೆಚ್ಚು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ ಬಾಹುಬಲಿಯು ಗೆದ್ದ ನೆಲವನ್ನು ಬಿಟ್ಟುಕೊಟ್ಟವನೆಂದು ಎಲ್ಲರೂ ಬಲ್ಲರು. ಅವನ ಮೇಲೆ ಚಕ್ರವನ್ನು ಬಿಟ್ಟವರುಂಟೆಂಬುದನ್ನು ಮರೆತರೆ ಆ ಬಿಡುವಿಕೆಯ ಅರ್ಥವೇ ಅರೆಯಾಗುವುದು.

ತನ್ನವನೇ ಚಕ್ರ ಬಿಟ್ಟಾಗ ಬಾಯಿಬಿಟ್ಟು ಹೇಳುವ ಈ ಧೈರ್ಯವು ನಮ್ಮ ಕಾಲದಲ್ಲಿ ಒಮ್ಮೆ ರಾಜಕೀಯದಲ್ಲಿ ಕಂಡಿತು. ಅದೂ ಎಲ್ಲೆಯ ವಿಷಯದಲ್ಲಿಯೇ. ತಿರುವಾಂಕೂರಿನ ತೆಂಕಣ ತಾಲೂಕುಗಳ ತಮಿಳರು ಮದರಾಸಿಗೆ ಸೇರಬೇಕೆಂದು ಚಳುವಳಿ ಹೂಡಿದಾಗ, 1954ನೆಯ ಆಗಸ್ಟ್ 11ರಂದು ಮಾರ್ತಾಂಡಂ, ಪುದುಕ್ಕಡೆಗಳಲ್ಲಿ ಪೋಲೀಸರು ಗುಂಡು ಹೊಡೆದು ಹಲವರನ್ನು ಕೊಂದರು. ಆಗ ಆಳುತ್ತಿದ್ದುದು ಪಟ್ಟಂ ಥಾಣು ಪಿಳ್ಳೆಯವರ ಪ್ರಜಾ ಸಮಾಜವಾದಿ ಸರಕಾರ. ಅದೇ ಪಕ್ಷದ ಪ್ರಧಾನ ಕಾರ್ಯದರ್ಶಿ ರಾಮಮನೋಹರ ಲೋಹಿಯಾ ಅವರು ಸೆರೆಮನೆಯಿಂದಲೇ ಆ ಸರಕಾರವು ರಾಜೀನಾಮೆ ಕೊಡತಕ್ಕುದೆಂದು ಕೇಳಿದರು. ಪಕ್ಷವು ಕೇಳಲಿಲ್ಲ, ಒಡೆಯಿತು. ಲೋಹಿಯಾರನ್ನು ಗುರುವೆಂದು ಬಗೆದ ಕನ್ನಡ ಲೇಖಕರು ಒಂದು ತಲೆಮಾರಿನಲ್ಲಿ ಎಷ್ಟೋ ಮಂದಿ. ಜಾತಿ, ಭಾಷೆಗಳ ಕುರಿತ ಅವರ ಮಾತುಗಳು ನಮ್ಮ ಕತೆ ಕಾದಂಬರಿಗಳಲ್ಲಿ ಬೇರುಬಿಟ್ಟುವು. ಈ ಒಂದು ಮಾತು ಮಾತ್ರ ಬಿಡಲಿಲ್ಲ.

ಅದು ಬೇರುಬಿಡಬೇಕಾಗಿದ್ದ ಮಣ್ಣು ಬೆಳಗಾವಿಯದು. 1986ನೆಯ ಜೂನಿನಲ್ಲಿ, ಕನ್ನಡ ಕಡ್ಡಾಯದ ವಿರುದ್ಧವೂ ಮಹಾರಾಷ್ಟ್ರಕ್ಕೆ ಸೇರುವ ಹಂಬಲದಿಂದಲೂ ಬೀದಿಗಿಳಿದ ಮರಾಠಿ ಭಾಷಿಕರ ಮೇಲೆ ಗುಂಡು ಹೊಡೆದವರು ಕರ್ನಾಟಕದ ಪೋಲೀಸರು. ಸತ್ತವರನ್ನು ಆ ಕಡೆಯವರು ಇಂದಿಗೂ ಹುತಾತ್ಮರೆಂದು ನೆನೆಯುತ್ತಾರೆ. ಕನ್ನಡದಲ್ಲಿ ಅವರಿಗೆ ಒಂದು ಸಾಲೂ ದೊರೆತಂತಿಲ್ಲ. ಅವರ ಬೇಡಿಕೆಯನ್ನು ನಾನು ಒಪ್ಪುವವನಲ್ಲ. ಕಾಸರಗೋಡಿನವರ ಬೇಡಿಕೆಯನ್ನು ಕೇರಳದವರೂ ಒಪ್ಪಿರಲಿಲ್ಲ. ಆ ಇಬ್ಬರು ತರುಣರಿಗಾಗಿ ಮಲೆಯಾಳದ ಕವಿಯೊಬ್ಬನು ಅಂದು ಹಾಡಿದ್ದರೆ ಬಂಟವಾಳದಲ್ಲಿ ಕುಳಿತ ನಾವು ಅವನ ವ್ಯಾಕರಣವನ್ನು ಎಷ್ಟು ಪ್ರೀತಿಯಿಂದ ಓದುತ್ತಿದ್ದೆವು! ಹೊಡೆದವನು ಕೇರಳದವನಾದರೆ ‘ಹೊಡೆದರು’, ನಮ್ಮವನಾದರೆ ‘ಆಯಿತು’ ಎಂಬ ಎರಡು ಕ್ರಿಯಾಪದಗಳ ಸಾಹಿತ್ಯವು ಕಾಸರಗೋಡಿಗಾಗಿ ಅತ್ತ ಕಣ್ಣೀರನ್ನೂ ಅನುಮಾನಕ್ಕೆ ಗುರಿಮಾಡುವುದು.

ಬರೆಯಲು ಸಾಮಗ್ರಿಯಿಲ್ಲವೆಂಬ ನೆವವೂ ನಿಲ್ಲದು. ಕನ್ಯಾನ, ಪೆರ್ಲ, ಬದಿಯಡ್ಕಗಳ ಮನೆಗಳಲ್ಲಿ 1956ನ್ನು ಬಾಲ್ಯದಲ್ಲಿ ಕಂಡ ಹಿರಿಯರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಸಭೆಗಳಲ್ಲಿ ಅವರನ್ನು ಕೂಡಿಸಿ ಶಾಲು ಹೊದಿಸುತ್ತೇವೆ. ಭಾಷಣ ಮಾಡುವವರು ನಾವು. ಅವರು ಹೇಳಲಿ, ಯಾರಾದರೂ ಬರೆದುಕೊಳ್ಳಲಿ. ಬರೆದುಕೊಳ್ಳುವವನು ಅವರ ‘ಹೊಡೆದರು’ ಎಂಬ ಮಾತನ್ನು ತಿದ್ದಿ ‘ಗೋಲೀಬಾರು ಆಯಿತು’ ಎಂದು ಮಾಡದೆ ಇದ್ದರೆ ಸಾಕು.