ತಾಯಿಯ ಕಡೆಗೆ ನಿಂತ ಕಲಮು

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ನನಗೆ ಎಲ್ಲಕ್ಕಿಂತ ನ್ಯಾಯವಾಗಿ ಕಾಣುವುದು 17ನೇ ಕಲಮು. ತಾಯಿಯ ಸಂತಾನದಲ್ಲಿ ಆಸ್ತಿ ಇಳಿಯುವ ಕಟ್ಟಳೆಯವರಿಗೆ, ಅಂದರೆ ಮಲಬಾರಿನ ಮರುಮಕ್ಕತ್ತಾಯದವರಿಗೂ ನಮ್ಮ ಕರಾವಳಿಯ ಅಳಿಯಕಟ್ಟಿನವರಿಗೂ (ಅಳಿಯಸಂತಾನದವರಿಗೂ), ಬೇರೆಯಾಗಿ ಬರೆದ ಕಲಮು ಅದು. ಕೋಡಿಯ ಮೊಗವೀರರ ಮನೆಗಳಿಗೂ ಬೈಂದೂರು, ಬ್ರಹ್ಮಾವರದ ಬಂಟರ ಮನೆಗಳಿಗೂ ಅದು ಅನ್ವಯಿಸುತ್ತದೆ.

ಹೆಂಗಸೊಬ್ಬಳು ವೀಲುನಾಮೆ ಬರೆಯದೆ ತೀರಿಕೊಂಡಳೆನ್ನಿ. 15ನೇ ಕಲಮಿನ ಸಾಮಾನ್ಯ ನಿಯಮದಂತೆ ಅವಳ ಆಸ್ತಿ ಮಕ್ಕಳಿಗೂ ಗಂಡನಿಗೂ ಹೋಗುತ್ತದೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತವರ ಸರದಿ ಆಮೇಲೆ. ಅಳಿಯಕಟ್ಟಿನವಳಾದರೆ ಮಕ್ಕಳ ಜೊತೆಗೇ ತಾಯಿಗೂ ಪಾಲು. ಬಳಿಕ ತಂದೆ ಮತ್ತು ಗಂಡ. ಗಂಡನ ಕಡೆಯವರು ಎಲ್ಲರಿಗಿಂತ ಕೊನೆಗೆ.

ಈ ವ್ಯತ್ಯಾಸದ ಬೆಲೆ ತಿಳಿಯಬೇಕಾದರೆ ಓಂ ಪ್ರಕಾಶ್ ವಿರುದ್ಧ ರಾಧಾಚರಣ್ ಪ್ರಕರಣದಲ್ಲಿ 2009ರಲ್ಲಿ ಬಂದ ತೀರ್ಪನ್ನು ನೋಡಬೇಕು. ಮದುವೆಯಾದ ಮೂರೇ ತಿಂಗಳಲ್ಲಿ ಗಂಡ ಸತ್ತು, ಅವನ ಮನೆಯವರು ಹೊರಗಟ್ಟಿದ ಹುಡುಗಿ ತವರಿಗೆ ಬಂದು ಓದಿದಳು, ನೌಕರಿ ಹಿಡಿದಳು, ಹಣ ಕೂಡಿಟ್ಟಳು. ವೀಲುನಾಮೆ ಬರೆಯದೆ ತೀರಿಕೊಂಡಳು. ಸುಪ್ರೀಂ ಕೋರ್ಟು ಆ ಗಳಿಕೆಯನ್ನು ಹೊರಗಟ್ಟಿದವರ ಕಡೆಗೇ ಕೊಟ್ಟಿತು. ಕಾಯ್ದೆಯ ಅಕ್ಷರ ಹಾಗಿತ್ತು. ಅವಳು ಅಳಿಯಕಟ್ಟಿನ ಮನೆಯವಳಾಗಿದ್ದರೆ ಅದೇ ಕಾಯ್ದೆಯಡಿ ಆ ಹಣ ತಾಯಿಯ ಕೈಸೇರುತ್ತಿತ್ತು. ಕರಾವಳಿಯ ಹೆಣ್ಣಿಗೆ ಸಿಕ್ಕ ಈ ನ್ಯಾಯ ಬಯಲುಸೀಮೆಯ ಹೆಣ್ಣಿಗೆ ಇಲ್ಲವೆಂಬುದನ್ನು ನಾನು ಒಪ್ಪಲಾರೆ.

ಹಳೆಯ ಕಟ್ಟಳೆಯನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಅಲ್ಲಿ ಸಂತಾನ ಹೆಣ್ಣಿನದಾದರೂ ಆಡಳಿತ ಸಾಮಾನ್ಯವಾಗಿ ಯಜಮಾನನಾದ ಸೋದರಮಾವನದು. ಗಂಡಸು ಸತ್ತರೆ ಕುಟುಂಬದ ಆಸ್ತಿಯಲ್ಲಿ ಅವನ ಹೆಂಡತಿ ಮಕ್ಕಳಿಗೆ ಪಾಲಿರಲಿಲ್ಲ. ಪಾಲುಪಟ್ಟಿಯ ದಾರಿಯನ್ನು ವಿಸ್ತರಿಸಿದ್ದು 1949ರ ಮದ್ರಾಸು ಅಳಿಯಸಂತಾನ ಕಾಯ್ದೆ. ಕುಟುಂಬದಲ್ಲಿ ಸತ್ತವನಿಗಿದ್ದ ಪಾಲು ಅವನ ವಾರಸುದಾರರಿಗೆ ಇಳಿಯುವಂತೆ ಮಾಡಿದ್ದು 1956ರ ಕಾಯ್ದೆಯ 7ನೇ ಕಲಮು. ಅದು ಆಗಲೇಬೇಕಾದ ತಿದ್ದುಪಡಿಯಾಗಿತ್ತು.

ಕೆಟ್ಟಿರುವುದು ನಮ್ಮ ರೂಢಿ. ಸಂತಾನಕ್ಕೆ ಮೂಲವಾಗಿದ್ದ ಹೆಣ್ಣುಮಕ್ಕಳ ಮುಂದೆಯೇ ಈಗ ಹಕ್ಕು ಖುಲಾಸೆ ಪತ್ರ ಹಿಡಿಯುತ್ತಾರೆ. ಮದುವೆಗೆ ಚಿನ್ನ ಹಾಕಿದ್ದೇವಲ್ಲ ಎಂಬ ಮಾತು, ತವರಿನ ಬಾಗಿಲು ಮುಚ್ಚೀತೆಂಬ ಭಯ, ಸಹಿ ಬಿದ್ದುಹೋಗುತ್ತದೆ. ನೋಂದಣಿಯಾದ ಮೇಲೆ ಅದನ್ನು ರದ್ದುಮಾಡಿಸುವುದು ಬಲು ಕಷ್ಟ. ಪೌತಿ ಖಾತೆಯಲ್ಲಿ ಅಣ್ಣನೊಬ್ಬನ ಹೆಸರು ಬಂದಿದೆಯೆಂದು ಕೈಬಿಡುವವರೂ ಇದ್ದಾರೆ. ಖಾತೆ ಕಂದಾಯದ ದಾಖಲೆ ಮಾತ್ರ, ಅದರಿಂದ ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ.

ಮನೆಯಲ್ಲಿ ಸಾವಾದ ಮೇಲೆ ಪೌತಿ ಖಾತೆಗೆ ಕೊಡುವ ವಂಶವೃಕ್ಷದಲ್ಲಿ ಅಮ್ಮನ ಹೆಸರು, ಅಕ್ಕತಂಗಿಯರ ಹೆಸರು ಇದೆಯೇ ಎಂದು ನೀವೇ ಓದಿ ನೋಡಿ. ಇಲ್ಲದಿದ್ದರೆ ಆಗಲೇ ತಕರಾರು ಸಲ್ಲಿಸಿ.